ಫಾರ್ಮಸಿ ಕಾಲೇಜುಗಳು ತುಂಬಿ ತುಳುಕುತ್ತಿವೆ, ನಮ್ಮೂರ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವವರು ಯಾರು?

ಹೊಳೆದಂಡೆ:
ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹೋಬಳಿ ಊರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದಾರೆ, ಸಿಸ್ಟರ್ ಇದ್ದಾರೆ, ಔಷಧಿಯೂ ಹೆಚ್ಚುಕಡಿಮೆ ಇರುತ್ತದೆ. ಫಾರ್ಮಸಿ ಅಧಿಕಾರಿ, ಅಂದರೆ ಫಾರ್ಮಸಿಸ್ಟ್, ಮಾತ್ರ ಇಲ್ಲ. ಔಷಧಿ ಕಿಟಕಿಯಲ್ಲಿ ಗ್ರೂಪ್ ಡಿ ನೌಕರರೊಬ್ಬರು ಕುಳಿತು ಚೀಟಿ ನೋಡಿ ಮಾತ್ರೆ ಕೊಡುತ್ತಾರೆ. ಅವರನ್ನು ಬೈಯಲು ಬರೆಯುತ್ತಿಲ್ಲ. ಬಾಗಿಲು ತೆಗೆದು, ಕಸ ಗುಡಿಸಿ, ಇದನ್ನೂ ಮಾಡುತ್ತಿದ್ದಾರೆ ಪಾಪ.

ಅವ್ವನಿಗೆ ಬಿಪಿ, ಸಕ್ಕರೆ ಎರಡೂ ಇವೆ. ಎರಡೂ ಬಿಳಿ ಮಾತ್ರೆ. ಸ್ಟ್ರಿಪ್ ಕತ್ತರಿಸಿ ಕೊಟ್ಟ ತುಂಡಿನ ಮೇಲೆ ಹೆಸರೂ ಉಳಿದಿರಲಿಲ್ಲ. "ಇದು ಎರಡು ಹೊತ್ತು, ಇದು ಒಂದು ಹೊತ್ತು" ಎಂದರಂತೆ. ಮನೆ ಮುಟ್ಟುವಷ್ಟರಲ್ಲಿ ಅದು ಅದಲುಬದಲಾಗಿತ್ತು. ಬಿಪಿ ಮಾತ್ರೆಯನ್ನು ಎರಡು ಹೊತ್ತು ನುಂಗಿ, ಒಂದು ಬೆಳಿಗ್ಗೆ ತಲೆಸುತ್ತಿ ಬಚ್ಚಲಲ್ಲಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ.

ನನ್ನ ತಂಗಿಯ ಮಗ ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದಾನೆ. ಆ ಒಂದೇ ಊರಿನಲ್ಲಿ ಹಲವು ಫಾರ್ಮಸಿ ಕಾಲೇಜುಗಳಿವೆ. ವರ್ಷ ವರ್ಷ ಪಾಸಾಗುವವರೆಲ್ಲ ಎಲ್ಲಿ ಹೋಗುತ್ತಾರೆ? ಕೊರತೆ ಇರುವುದು ಜನರದ್ದೋ, ಹುದ್ದೆಯದ್ದೋ, ಇಲ್ಲಿಗೆ ಬರುವ ಮನಸ್ಸಿನದ್ದೋ? ಗೊತ್ತಿದ್ದವರು ಹೇಳಿ.

ತುಂಗಭದ್ರೆ ಬಲದಂಡೆ:
ಕೊಪ್ಪಳದಲ್ಲೂ ಇದೇ ಕಥೆ. ನಮ್ಮಲ್ಲಿ ಕಿಟಕಿಯಲ್ಲಿ ಸಿಸ್ಟರ್ ಕೂರುತ್ತಾರೆ. ಹೆರಿಗೆ ಕೇಸು ಬಂದರೆ ಕಿಟಕಿ ಬಂದ್.

ಸುಮ್ಮನೆ ಕೇಳಿದೆ:
ಮಾತ್ರೆ ಎಣಿಸಿ ಕೊಡಲು ಪದವಿ ಏಕೆ ಬೇಕು? ಚೀಟಿಯಲ್ಲಿ ಬರೆದಿದ್ದನ್ನು ಓದಿ ಕೊಟ್ಟರೆ ಸಾಕಲ್ಲವೇ? ಎಸ್ಸೆಸ್ಸೆಲ್ಸಿ ಆದವರಿಗೆ ಒಂದು ತಿಂಗಳು ಕಲಿಸಿ ಕೂರಿಸಿ, ಮುಗಿಯಿತು.

ಚಾಮುಂಡಿ ತಪ್ಪಲು:
"ಸುಮ್ಮನೆ ಕೇಳಿದೆ" ಅವರೇ, ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರಿಸಲು ಆಗುವುದಿಲ್ಲ. ನಾನು ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಓದಿದವಳು, ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಯೊಂದರ ವಾರ್ಡುಗಳಲ್ಲಿ ಕೆಲಸ. ಒಂದೇ ಉದಾಹರಣೆ ಕೊಡುತ್ತೇನೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೆ ಒಂದು ದಿನ. ಉಳಿದ ಮಾತ್ರೆಗಳೆಲ್ಲ ದಿನಾ ನುಂಗುವಂಥವಾದ್ದರಿಂದ ರೋಗಿ ಇದನ್ನೂ ದಿನಾ ನುಂಗುತ್ತಾರೆ. ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಆಸ್ಪತ್ರೆ ಸೇರುತ್ತಾರೆ, ಸಾಯುವುದೂ ಉಂಟು. ಜಗತ್ತಿನಾದ್ಯಂತ ನಡೆಯುವ ತಪ್ಪು ಇದು. ವೈದ್ಯರು ಬರೆದದ್ದು ಸರಿ, ಕೊಟ್ಟ ಮಾತ್ರೆಯೂ ಸರಿ. "ವಾರಕ್ಕೊಮ್ಮೆ, ಯಾವ ದಿನ ಎಂದು ನೀವೇ ಹೇಳಿ ನೋಡೋಣ" ಎಂದು ಎದುರಿಗೆ ಕೂರಿಸಿಕೊಂಡು ಕೇಳುವವರು ಮಾತ್ರ ಇರಲಿಲ್ಲ. ಹೊಳೆದಂಡೆಯವರ ತಾಯಿಗೆ ಆದದ್ದು ಇದರ ಚಿಕ್ಕ ರೂಪ.

ಹಳೆಯ ಕೌಂಟರ್:
ನಾನು ಸರ್ಕಾರಿ ಸೇವೆಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತನಾದವನು. ಹೊಳೆದಂಡೆಯವರೇ, ನೀವು ಮೂರು ಕಾರಣ ಕೇಳಿದ್ದೀರಿ. ನಾಲ್ಕನೆಯದನ್ನು ನಾನು ಹೇಳುತ್ತೇನೆ: ನಿಯೋಜನೆ.

ಕೇಂದ್ರದ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಬ್ಬ ಫಾರ್ಮಸಿಸ್ಟ್ ಬೇಕೇಬೇಕು. ಹುದ್ದೆ ಮಂಜೂರಾಗಿಯೂ ಇರುತ್ತದೆ. ಅದಕ್ಕೆ ಒಬ್ಬರನ್ನು ನೇಮಿಸಿಯೂ ಇರುತ್ತಾರೆ. ಆಮೇಲೆ ಆ ಮನುಷ್ಯ ಮಗಳ ಓದು, ಹೆಂಡತಿಯ ಆರೋಗ್ಯ, ಮತ್ತೊಂದು ಎಂದು ಕಾರಣ ಕೊಟ್ಟು, ಬೇಕಾದವರ ಶಿಫಾರಸು ಹಿಡಿದು, ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ನಿಯೋಜನೆಯ ಮೇಲೆ ಹೋಗುತ್ತಾರೆ. ಸಂಬಳ ನಿಮ್ಮೂರ ಹುದ್ದೆಯ ಮೇಲೆ, ಕೆಲಸ ಬೇರೆ ಊರಿನಲ್ಲಿ. ಪಟ್ಟಿಯಲ್ಲಿ ಹುದ್ದೆ "ಭರ್ತಿ" ಎಂದೇ ಇರುತ್ತದೆ. ಭರ್ತಿಯಾದ ಹುದ್ದೆಗೆ ಹೊಸಬರನ್ನು ಕೊಡಲು ಬರುವುದಿಲ್ಲ. ಖಾಲಿ ಹುದ್ದೆಗಿಂತ ಕೆಟ್ಟದ್ದು ಇದು.

ಇನ್ನೊಂದು ರೋಗ ಪ್ರಭಾರ. ಒಬ್ಬರಿಗೇ ಎರಡು ಕೇಂದ್ರ. ಸೋಮವಾರ, ಬುಧವಾರ, ಶುಕ್ರವಾರ ಅಲ್ಲಿ, ಉಳಿದ ದಿನ ಇಲ್ಲಿ. ರೋಗ ವಾರ ನೋಡಿಕೊಂಡು ಬರುವುದಿಲ್ಲವಲ್ಲ.

ಕೆಲಸವೇನು ಎಂದು ಕೇಳಿದವರಿಗೆ: ಮಾತ್ರೆ ಕೊಡುವುದು ಅದರ ಒಂದು ತುಂಡು. ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ಹಾಕಬೇಕು, ಉಗ್ರಾಣದಿಂದ ಬಂದದ್ದನ್ನು ಎಣಿಸಿ ದಾಸ್ತಾನು ಪುಸ್ತಕಕ್ಕೂ ಕಂಪ್ಯೂಟರಿಗೂ ಏರಿಸಬೇಕು, ಅವಧಿ ಮುಗಿಯುವ ಔಷಧಿಯನ್ನು ಮೊದಲು ಖರ್ಚು ಮಾಡಬೇಕು, ಹೆಚ್ಚಾದದ್ದನ್ನು ಪಕ್ಕದ ಕೇಂದ್ರಕ್ಕೆ ಕಳುಹಿಸಬೇಕು, ಎಷ್ಟೋ ಕಡೆ ಲಸಿಕೆಯ ಫ್ರಿಜ್ಜಿನ ತಾಪಮಾನವನ್ನೂ ದಿನಕ್ಕೆರಡು ಸಲ ಬರೆದಿಡಬೇಕು. ಇದನ್ನು ಬಲ್ಲವರು ಇಲ್ಲದ ಕೇಂದ್ರದಲ್ಲಿ ಮಾರ್ಚ್ ಬಂದರೆ ಒಂದು ಮೂಲೆಯಲ್ಲಿ ಅವಧಿ ಮುಗಿದ ಡಬ್ಬಿಗಳ ರಾಶಿ, ಕಿಟಕಿಯಲ್ಲಿ "ಔಷಧಿ ಇಲ್ಲ, ಹೊರಗೆ ತೆಗೆದುಕೊಳ್ಳಿ" ಎಂಬ ಉತ್ತರ.

ತುಂಗಭದ್ರೆ ಬಲದಂಡೆ:
"ಹೊರಗೆ ತೆಗೆದುಕೊಳ್ಳಿ" ಎಂಬ ಮಾತನ್ನು ಗೋಡೆಯ ಮೇಲೆಯೇ ಬರೆಸಿಬಿಡಬಹುದು. ಹೇಳುವ ಶ್ರಮವಾದರೂ ಉಳಿಯುತ್ತದೆ.

ಹುಬ್ಬಳ್ಳಿ ಅಂಗಡಿ:
ಹೊರಗೆ ಎಂದರೆ ನಾವು. ನಮ್ಮ ತಂದೆಯವರ ಕಾಲದಿಂದ ಮೆಡಿಕಲ್ ಅಂಗಡಿ ಇದೆ. ನನ್ನ ತಮ್ಮನೇ ಡಿ.ಫಾರ್ಮ್. (ಫಾರ್ಮಸಿ ಡಿಪ್ಲೊಮಾ) ಓದಿದ್ದಾನೆ, ಆದ್ದರಿಂದ ನಮಗೆ ತೊಂದರೆಯಿಲ್ಲ. ಆದರೆ ಬಜಾರಿನ ಸತ್ಯ ಹೇಳಲೇಬೇಕು. ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಮೇಲೆ ತೂಗುವ ಸರ್ಟಿಫಿಕೇಟಿನ ಮುಖವೇ ಬೇರೆ, ಕೌಂಟರಿನ ಹಿಂದಿನ ಮುಖವೇ ಬೇರೆ. ಸರ್ಟಿಫಿಕೇಟ್ ಬಾಡಿಗೆಗೆ ಸಿಗುತ್ತದೆ. ಅದರ ಒಡೆಯರು ಕಂಪನಿಯಲ್ಲೋ ಬೇರೆ ಊರಿನಲ್ಲೋ ಇರುತ್ತಾರೆ. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ "ಈಗ ತಾನೇ ಊಟಕ್ಕೆ ಹೋದರು."

ಅಂಗಡಿಯವರ ಕಷ್ಟವನ್ನೂ ಕೇಳಿ. ಸಣ್ಣ ಊರಿನಲ್ಲಿ ದಿನದ ವ್ಯಾಪಾರವೇ ಕಡಿಮೆ. ಅದರಲ್ಲಿ ಒಬ್ಬ ಫಾರ್ಮಸಿಸ್ಟ್‌ಗೆ ಇಡೀ ದಿನದ ಸಂಬಳ ಕೊಟ್ಟರೆ ಮಾಲೀಕನಿಗೆ ಉಳಿಯುವುದು ಖಾಲಿ ಡಬ್ಬಿ.

ಕೊನೆಯ ಬೆಂಚು:
ಸಂಬಳದ ಮಾತು ಬಂತಲ್ಲ ಕಾಕಾ, ನಾನು ಹೇಳುತ್ತೇನೆ. ಬಿ.ಫಾರ್ಮ್. ಪದವಿ ಮುಗಿಸಿ ದಾವಣಗೆರೆಯಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ನಿಂತರೆ ಹನ್ನೆರಡು ಸಾವಿರ. "ಬೇಡವೆಂದರೆ ಸರ್ಟಿಫಿಕೇಟ್ ಮಾತ್ರ ಕೊಡಿ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ" ಎಂದೂ ಹೇಳಿದರು. ನಾಲ್ಕು ವರ್ಷ ಓದಿದ ನನಗಿಂತ ನನ್ನ ಕಾಗದಕ್ಕೆ ಹೆಚ್ಚು ಬೆಲೆ! ಈಗ ಬೆಂಗಳೂರಿನಲ್ಲಿ ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ಪರಿಶೀಲಿಸುವ ಕಂಪನಿಯಲ್ಲಿದ್ದೇನೆ. ವಿದೇಶಿ ರೋಗಿಗಳ ವರದಿ. ನನ್ನ ಜೊತೆ ಓದಿದವರಲ್ಲಿ ಬಹುಪಾಲು ಹೀಗೆಯೇ: ಕೆಲವರು ಎಂ.ಆರ್. (ಔಷಧಿ ಕಂಪನಿಯ ಪ್ರತಿನಿಧಿ), ಕೆಲವರು ಜಿಗಣಿ ಕಡೆ ಕಾರ್ಖಾನೆಗಳಲ್ಲಿ, ಕೆಲವರು ಬ್ಯಾಂಕ್ ಪರೀಕ್ಷೆಗೆ ಕುಳಿತಿದ್ದಾರೆ. ಕೌಂಟರಿನ ಹಿಂದೆ ನಿಂತವರು ಬೆರಳೆಣಿಕೆಯಷ್ಟು.

ಹಾವೇರಿ ಏಲಕ್ಕಿ:
ಹೆಣ್ಣುಮಕ್ಕಳ ವಿಷಯ ಯಾರೂ ಹೇಳಲಿಲ್ಲ. ನನ್ನ ಡಿ.ಫಾರ್ಮ್. ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಮದುವೆ ಮಾತುಕತೆಯಲ್ಲಿಯೇ ಗಂಡಿನ ಕಡೆಯವರು "ನಮ್ಮ ಅಣ್ಣನ ಅಂಗಡಿಗೆ ಇವಳ ಸರ್ಟಿಫಿಕೇಟ್ ಆಗುತ್ತದೆ" ಎಂದು ಲೆಕ್ಕ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗಿ ಅಡುಗೆಮನೆಯಲ್ಲಿ, ಸರ್ಟಿಫಿಕೇಟ್ ಅಂಗಡಿಯಲ್ಲಿ. ನನಗೂ ಅಂಥ ಸಂಬಂಧ ಬಂದಿತ್ತು. ಅಂಗಡಿಯಲ್ಲಿ ಕೂರುವುದಾದರೆ ನಾನೇ ಕೂರುತ್ತೇನೆ, ಗಲ್ಲಾ ಪೆಟ್ಟಿಗೆಯ ಕೀಲಿಯೂ ನನ್ನ ಹತ್ತಿರವೇ ಇರುತ್ತದೆ ಎಂದೆ. ಸಂಬಂಧ ಮುರಿಯಿತು. ಈಗ ಸ್ವಂತ ಅಂಗಡಿ ಇಟ್ಟಿದ್ದೇನೆ. ಊರ ಹೆಂಗಸರು ಗಂಡಸರ ಅಂಗಡಿಯಲ್ಲಿ ಕೇಳಲು ನಾಚುವುದನ್ನೆಲ್ಲ ನನ್ನ ಹತ್ತಿರ ಕೇಳುತ್ತಾರೆ.

ಆಗುಂಬೆ ಮಳೆ:
ಏಲಕ್ಕಿ ಅಕ್ಕ, ಗಲ್ಲಾ ಪೆಟ್ಟಿಗೆಯ ಮಾತು ಬಹಳ ಇಷ್ಟವಾಯಿತು.

ನಿಯಮ ಪುಸ್ತಕ:
ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟ ಮಾಡಿಕೊಂಡರೆ ಚರ್ಚೆ ಸುಲಭ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಔಷಧ ನಿಯಮಾವಳಿಯ 65ನೇ ನಿಯಮವೂ ಅಂಗಡಿಗಳಿಗೆ ಅದನ್ನೇ ಹೇಳುತ್ತದೆ: ಅವರೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. 2015ರ ವೃತ್ತಿ ನಿಯಮಗಳ ಪ್ರಕಾರ ಬಿಳಿ ಕೋಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ ಕೂಡ ಕಡ್ಡಾಯ. ಎಷ್ಟು ಕಡೆ ನೋಡಿದ್ದೀರಿ?

ಸರ್ಕಾರಿ ಆಸ್ಪತ್ರೆಗಳ ಕಥೆ ಇನ್ನೂ ಸ್ವಾರಸ್ಯಕರ. ನಿಯಮಾವಳಿಯ ಶೆಡ್ಯೂಲ್ ಕೆ ಎಂಬ ವಿನಾಯಿತಿಗಳ ಪಟ್ಟಿ ಅವುಗಳಿಗೆ ಮಾರಾಟ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ. ಆದರೆ ವಿನಾಯಿತಿಗೆ ಷರತ್ತೂ ಇದೆ: ಔಷಧಿ ವಿತರಣೆ ಅರ್ಹ ವ್ಯಕ್ತಿಯಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಖಾಸಗಿ ಅಂಗಡಿಯವನ ತಲೆಯ ಮೇಲೆ ಪರವಾನಗಿ ಅಮಾನತಿನ ಕತ್ತಿಯಾದರೂ ತೂಗುತ್ತಿರುತ್ತದೆ. ಪರವಾನಗಿಯೇ ಬೇಡದ ಸರ್ಕಾರಿ ಕಿಟಕಿಯಲ್ಲಿ ಷರತ್ತು ಮುರಿದರೆ ಯಾವುದನ್ನು ಅಮಾನತು ಮಾಡುತ್ತೀರಿ?

ಸುಮ್ಮನೆ ಕೇಳಿದೆ:
ಹಾಗಾದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಜ್ವರದ ಮಾತ್ರೆ ಮಾರುವವರೆಲ್ಲ ಅಪರಾಧಿಗಳೇ? ಅರ್ಧ ಕರ್ನಾಟಕವನ್ನು ಒಳಗೆ ಹಾಕಬೇಕಾಗುತ್ತದೆ.

ನಿಯಮ ಪುಸ್ತಕ:
ಅಲ್ಲ. ಅದೇ ಶೆಡ್ಯೂಲ್ ಕೆ ಅಡಿ ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮಿನಂಥ ಕೆಲವು ಮನೆಮದ್ದುಗಳನ್ನು ಷರತ್ತುಗಳಿಗೆ ಒಳಪಟ್ಟು ಪರವಾನಗಿ ಇಲ್ಲದೆ ಮಾರಬಹುದು. ಆರೋಗ್ಯ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಕಾರ್ಯಕ್ರಮದಡಿ ಕೊಡುವ ಔಷಧಿಗಳಿಗೂ ವಿನಾಯಿತಿ ಇದೆ. ಆದರೆ ಕಿರಾಣಿ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಮಾರಲು ಯಾವ ಶೆಡ್ಯೂಲೂ ಬಿಡುವುದಿಲ್ಲ. ಮಾರುವವರು ಮಾರುತ್ತಲೇ ಇದ್ದಾರೆ, ಅದು ಬೇರೆ ಮಾತು.

ಚಾಮುಂಡಿ ತಪ್ಪಲು:
ಆ್ಯಂಟಿಬಯೋಟಿಕ್ ಎಂದಿರಲ್ಲ, ಪ್ರಬಲ ಆ್ಯಂಟಿಬಯೋಟಿಕ್‌ಗಳಲ್ಲಿ ಹಲವನ್ನು ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಪಟ್ಟಿಗೆ ಸೇರಿಸಿ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಕೇರಳದವರು 2024ರಲ್ಲಿ ಆಪರೇಷನ್ ಅಮೃತ್ ಎಂದು ಹೆಸರಿಟ್ಟು, ಚೀಟಿಯಿಲ್ಲದೆ ಮಾರುವ ಅಂಗಡಿಗಳ ಮೇಲೆ ದಾಳಿಗಿಳಿದರು. ದಾಳಿ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಪುಸ್ತಕ ಬರೆಯಬೇಕಾದ ವ್ಯಕ್ತಿಯೇ ಅಂಗಡಿಯಲ್ಲಿ ಇಲ್ಲದಿದ್ದರೆ ಬರೆಯುವುದು ಯಾರು? ಎಲ್ಲ ಎಳೆಯೂ ಸುತ್ತಿ ಬಂದು ಆ ಖಾಲಿ ಸ್ಟೂಲಿನ ಹತ್ತಿರವೇ ನಿಲ್ಲುತ್ತದೆ.

ಮಸ್ಕತ್ ಬಂಟ:
ಹದಿಮೂರು ಸಾವಿರಕ್ಕೆ ಮಂಗಳೂರಿನಲ್ಲಿ ನಿಂತಿದ್ದೆ, ಈಗ ಒಮಾನಿನಲ್ಲಿ ನಿಂತಿದ್ದೇನೆ. ನಿಲ್ಲುವುದು ಎರಡೂ ಕಡೆ ಒಂದೇ, ವ್ಯತ್ಯಾಸ ತಿಂಗಳ ಕೊನೆಗೆ ಗೊತ್ತಾಗುತ್ತದೆ. ಇಲ್ಲಿಗೆ ಬರಲು ಪರೀಕ್ಷೆ ಬರೆಯಬೇಕು, ಪ್ರಮಾಣಪತ್ರಗಳನ್ನು ಕಾಲೇಜಿನವರೆಗೂ ಹೋಗಿ ತನಿಖೆ ಮಾಡುತ್ತಾರೆ, ಅನುಭವದ ಪತ್ರವನ್ನೂ ಬಿಡುವುದಿಲ್ಲ. ಲೈಸೆನ್ಸ್ ಇಲ್ಲದವನು ಔಷಧಿ ಕೊಡುವ ಮಾತೇ ಇಲ್ಲ. ಊರಿನಲ್ಲಿ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟವನೇ ಇಲ್ಲಿ ಬಂದರೆ ಬಿಲ್ಲೆ ಹಾಕಿಕೊಂಡು ನಿಯಮ ಪಾಲಿಸುತ್ತಾನೆ. ಹಾಗೆಂದು ಬಾಗಿಲು ಸದಾ ತೆರೆದಿರುತ್ತದೆ ಎಂದು ಯಾರೂ ನಂಬಬೇಡಿ. ಸ್ಥಳೀಯರಿಗೆ ಮೊದಲು ಎಂಬ ನೀತಿ ಇಲ್ಲೂ ಬಿಗಿಯಾಗುತ್ತಿದೆ.

ಒಂದು ಮಾತು: ನನ್ನ ಹೆಸರು ಕರ್ನಾಟಕದ ನೋಂದಣಿ ಪುಸ್ತಕದಲ್ಲಿ ಇನ್ನೂ ಇದೆ.

ಹಳೆಯ ಕೌಂಟರ್:
ಬಂಟರೇ, ನೀವು ಹೇಳಿದ ಕೊನೆಯ ಸಾಲು ಬಹಳ ಮುಖ್ಯ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಫಾರ್ಮಸಿಸ್ಟರಿದ್ದಾರೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಲೆಕ್ಕ ನೋಂದಣಿಯದ್ದು. ನೋಂದಾಯಿಸಿ ಗಲ್ಫಿಗೆ ಹೋದವರು, ಎಂ.ಆರ್. ಆದವರು, ಮನೆಯಲ್ಲಿ ಉಳಿದವರು, ಬಾಡಿಗೆಗೆ ಕೊಟ್ಟವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಯಾವ ತಾಲ್ಲೂಕಿನ ಯಾವ ಕೌಂಟರಿನಲ್ಲಿ ಯಾರಿದ್ದಾರೆ ಎಂಬ ಲೆಕ್ಕ ಆ ಪುಸ್ತಕದಿಂದ ಸಿಗುವುದಿಲ್ಲ. ಅದಕ್ಕೇ ಮೇಲಿನಿಂದ ನೋಡುವವರಿಗೆ ಫಾರ್ಮಸಿಸ್ಟರು ಹೆಚ್ಚಾಗಿದ್ದಾರೆ ಅನ್ನಿಸುತ್ತದೆ, ಕೆಳಗಿನವರಿಗೆ ಒಬ್ಬರೂ ಕಾಣುವುದಿಲ್ಲ.

ಕೊನೆಯ ಬೆಂಚು:
ಹೆಚ್ಚಾಗಿದ್ದಾರೆ ಎಂದೇ ಫಾರ್ಮಸಿ ಶಿಕ್ಷಣವನ್ನು ನಿಯಂತ್ರಿಸುವ ಭಾರತೀಯ ಫಾರ್ಮಸಿ ಕೌನ್ಸಿಲ್ 2020-21ರಿಂದ ಐದು ವರ್ಷ ಹೊಸ ಕಾಲೇಜು ಬೇಡ ಎಂದು ತಡೆ ಹಾಕಿತ್ತು. ಈಶಾನ್ಯ ರಾಜ್ಯಗಳಿಗೆ ಮತ್ತು 50ಕ್ಕಿಂತ ಕಡಿಮೆ ಸಂಸ್ಥೆಗಳಿರುವ ರಾಜ್ಯಗಳಿಗೆ ವಿನಾಯಿತಿ ಇತ್ತು. ಕಾಲೇಜುಗಳು ನ್ಯಾಯಾಲಯಕ್ಕೆ ಹೋದವು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಬರೀ ಆಡಳಿತಾತ್ಮಕ ನಿರ್ಣಯದಿಂದ ಇಂಥ ತಡೆ ಹಾಕಲು ಬರುವುದಿಲ್ಲ ಎಂದಿತು. ಆ ತೀರ್ಪು ಗುರುತಾಗಿರುವುದು ನಮ್ಮದೇ ರಾಜ್ಯದ ಕಾಲೇಜೊಂದರ ಹೆಸರಿನಿಂದ. ಆಮೇಲೆ ಮತ್ತೆ ಕಾಲೇಜು, ಮತ್ತೆ ಸೀಟು. ಡಿಪ್ಲೊಮಾದವರಿಗೆ ಓದು ಮುಗಿದ ಮೇಲೆ, ನೋಂದಣಿಗೆ ಮೊದಲು ಬರೆಯುವ ನಿರ್ಗಮನ ಪರೀಕ್ಷೆ ತಂದರು, ಸರಿಯೇ. ಆದರೆ ಪರೀಕ್ಷೆ ಪಾಸಾದವನು ಯಾದಗಿರಿಗೆ ಹೋಗುತ್ತಾನೆ ಎಂದು ಯಾರು ಹೇಳಿದರು?

ಹುಬ್ಬಳ್ಳಿ ಅಂಗಡಿ:
ಹೋಗಲು ನೇಮಕಾತಿಯಾದರೂ ಆಗಬೇಕಲ್ಲ ತಮ್ಮಾ. ಸರ್ಕಾರಿ ಹುದ್ದೆಗೆ ಡಿಪ್ಲೊಮಾ ಸಾಕೋ, ಬಿ.ಫಾರ್ಮ್. ಆದವರೂ ಅರ್ಹರೋ ಎಂದು ಹಲವು ರಾಜ್ಯಗಳಲ್ಲಿ ವ್ಯಾಜ್ಯ ನಡೆದಿದೆ. ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಕಿಟಕಿಯ ಬಾಗಿಲಿಗೆ ಗೆದ್ದಲು.

ಆಗುಂಬೆ ಮಳೆ:
ವಿಷಯಾಂತರ, ಕ್ಷಮಿಸಿ. ಸಣ್ಣವಳಿದ್ದಾಗ ನಮ್ಮೂರ ಆಸ್ಪತ್ರೆಯಲ್ಲಿ ಒಬ್ಬ ಕಂಪೌಂಡರ್ ಇದ್ದರು. ಮನೆಯಿಂದಲೇ ಬಾಟಲಿ ಒಯ್ಯಬೇಕಿತ್ತು. ಗುಲಾಬಿ ಬಣ್ಣದ ಔಷಧಿ ತುಂಬಿ, ಹೊರಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, "ಒಂದು ಹಲ್ಲಿಗೆ ಒಂದು ಹೊತ್ತು" ಎಂದು ಹೇಳುತ್ತಿದ್ದರು. ಓದು ಬಾರದ ಅಜ್ಜಿಗೂ ಅರ್ಥವಾಗುತ್ತಿತ್ತು.

ಹಳೆಯ ಕೌಂಟರ್:
ವಿಷಯಾಂತರವೇನೂ ಅಲ್ಲ ತಾಯಿ. 1948ರ ಕಾಯ್ದೆ ಬಂದಾಗ ಅಂಥವರನ್ನು ಬೀದಿಗೆ ಹಾಕಲಿಲ್ಲ. ಐದು ವರ್ಷ ಔಷಧಿ ತಯಾರಿಸಿ ಕೊಟ್ಟ ಅನುಭವವಿದ್ದವರಿಗೂ ಮೊದಲ ನೋಂದಣಿಯಲ್ಲಿ ಜಾಗ ಕೊಟ್ಟರು. ಆ ಕಾಗದದ ಪಟ್ಟಿಯನ್ನು ನಾನೂ ಕತ್ತರಿಸಿದ್ದೇನೆ.

ಸುಮ್ಮನೆ ಕೇಳಿದೆ:
ನೋಡಿ, ಅನುಭವಸ್ಥರಿಗೆ ಆಗ ಜಾಗ ಕೊಟ್ಟರು ಎಂದರೆ ಈಗಲೂ ಕೊಡಬಹುದು ಎಂದಾಯಿತು. ತಾಂಜಾನಿಯಾದಲ್ಲಿ ಇದನ್ನು ಮಾಡಿದ್ದಾರೆ. 2003ರಲ್ಲಿ ರುವೂಮಾ ಪ್ರಾಂತ್ಯದಲ್ಲಿ ಆರಂಭಿಸಿ, ಫಾರ್ಮಸಿಸ್ಟರು ಹೋಗದ ಊರುಗಳ ಸಣ್ಣ ಔಷಧಿ ಅಂಗಡಿಯವರಿಗೆ ಕೆಲವು ವಾರ ತರಬೇತಿ ಕೊಟ್ಟು, ಮಾನ್ಯತೆ ಕೊಟ್ಟು, ಆಯ್ದ ಕೆಲವು ಆ್ಯಂಟಿಬಯೋಟಿಕ್ ಸೇರಿ ಅಗತ್ಯ ಔಷಧಿಗಳ ಪಟ್ಟಿಯೊಂದನ್ನು ಮಾರಲು ಬಿಟ್ಟರು. ಆಮೇಲೆ ದೇಶಕ್ಕೆಲ್ಲ ಹಬ್ಬಿಸಿದರು. ಹೊಳೆದಂಡೆಯವರ ಊರಿನ ಆ ಗ್ರೂಪ್ ಡಿ ನೌಕರರಿಗೆ ಕಲಿಸಿದರೆ ತಪ್ಪೇನು? ಹೇಗಿದ್ದರೂ ಅವರೇ ಕೊಡುತ್ತಿದ್ದಾರೆ.

ಚಾಮುಂಡಿ ತಪ್ಪಲು:
ತಾಂಜಾನಿಯಾದಲ್ಲಿ ಆ ದಾರಿ ಹಿಡಿದದ್ದು ಅಲ್ಲಿ ಫಾರ್ಮಸಿಸ್ಟರ ಸಂಖ್ಯೆಯೇ ತೀರಾ ಕಡಿಮೆ ಇದ್ದುದರಿಂದ. ಇಲ್ಲಿ ಓದಿದವರು ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದಾರೆ. ಅವರನ್ನು ಬಿಟ್ಟು ಗ್ರೂಪ್ ಡಿ ನೌಕರರಿಗೆ ತರಬೇತಿ ಎಂದರೆ, ಅದೇ ಸಂಬಳಕ್ಕೆ ಎರಡು ಕೆಲಸ ಮಾಡಿಸುವ ಉಪಾಯ ಅಷ್ಟೇ. ನಗರಗಳಲ್ಲೂ ಆಗಿದ್ದು ಅದೇ. 2022ರಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ "ನಮ್ಮ ಕ್ಲಿನಿಕ್" ಎಂಬ ಆರೋಗ್ಯ ಕೇಂದ್ರಗಳನ್ನು ಆರಂಭಿಸುವಾಗ ಪ್ರಕಟಿಸಿದ ಸಿಬ್ಬಂದಿ: ವೈದ್ಯರು, ನರ್ಸ್, ಪ್ರಯೋಗಾಲಯ ತಂತ್ರಜ್ಞರು, ಗ್ರೂಪ್ ಡಿ. ಔಷಧಿ ಮಾತ್ರ ತನ್ನಷ್ಟಕ್ಕೆ ತಾನೇ ರೋಗಿಯ ಕೈಸೇರುತ್ತದೆ ಎಂದುಕೊಂಡಿದ್ದರು ಅನ್ನಿಸುತ್ತದೆ.

ಸುಮ್ಮನೆ ಕೇಳಿದೆ:
ತತ್ವ ಚೆನ್ನಾಗಿದೆ ಮೇಡಂ. ನೀವು ಮೈಸೂರು ಬಿಟ್ಟು ಯಾದಗಿರಿಗೆ ಹೋಗುತ್ತೀರಾ?

ಚಾಮುಂಡಿ ತಪ್ಪಲು:
ಕಾಯಂ ಹುದ್ದೆ, ಇರಲು ಒಂದು ಮನೆ, ನಾಲ್ಕೈದು ವರ್ಷದ ನಂತರ ಕೇಳಿದ ಜಾಗಕ್ಕೆ ವರ್ಗಾವಣೆ ಎಂದು ಬರೆದುಕೊಟ್ಟರೆ ನಾಳೆಯೇ ಹೊರಡುತ್ತೇನೆ. ವರ್ಷದಿಂದ ವರ್ಷಕ್ಕೆ ನವೀಕರಿಸುವ ಗುತ್ತಿಗೆಗೆ ಹೋಗುವುದಿಲ್ಲ. ನೀವಾದರೂ ಹೋಗುತ್ತೀರಾ?

ಹೊಳೆದಂಡೆ:
ಜಗಳ ಆಮೇಲೆ ಆಡಿ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಇಲ್ಲಿನ ಹುದ್ದೆಗಳಲ್ಲಿ ಮೀಸಲಾತಿ ಇದೆಯಲ್ಲ? ನಮ್ಮ ಹುಡುಗರೇ ಇಲ್ಲಿ ಓದಿದ್ದಾರೆ. ಅವರಿಗೆ ಮೈಸೂರಿನ ಮನೆಯ ಚಿಂತೆ ಇಲ್ಲ. ನೇಮಕ ಮಾಡಿದರೆ ಸಾಕು.

ಹಳೆಯ ಕೌಂಟರ್:
ಸರಿಯಾದ ಮಾತು. ಊರಿನವರನ್ನೇ ನೇಮಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ನಿಯೋಜನೆಯ ಬಾಗಿಲು ಮುಚ್ಚದಿದ್ದರೆ ಊರಿನ ಹುಡುಗನೂ ಎರಡು ವರ್ಷಕ್ಕೆ ಕಲಬುರಗಿ ನಗರದಲ್ಲಿರುತ್ತಾನೆ. ಮೊದಲು ನಿಮ್ಮ ಕೇಂದ್ರದ ಹುದ್ದೆ ನಿಜವಾಗಿ ಖಾಲಿಯೋ, "ಭರ್ತಿ"ಯೋ ಎಂದು ತಿಳಿದುಕೊಳ್ಳಿ. ಖಾಲಿಯಾದರೆ ಕೇಳಬೇಕಾದದ್ದು ನೇಮಕಾತಿ, ಭರ್ತಿಯಾದರೆ ನಿಯೋಜನೆ ರದ್ದು. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಮೇಜು. ಮಾಹಿತಿ ಹಕ್ಕಿನಲ್ಲಿ ಕೇಳಿ.

ಹೊಳೆದಂಡೆ:
ಕರಡು ಬರೆದಿದ್ದೇನೆ, ನೋಡಿ ಹೇಳಿ: "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾದ ಫಾರ್ಮಸಿ ಅಧಿಕಾರಿ ಹುದ್ದೆ, ಅದರ ಈಗಿನ ಸ್ಥಿತಿ, ಕಳೆದ ಮೂರು ವರ್ಷಗಳಲ್ಲಿ ಅವಧಿ ಮುಗಿದ ಔಷಧಿಗಳ ಪಟ್ಟಿ, ಆಂಬುಲೆನ್ಸಿನ ಡೀಸೆಲ್ ಖರ್ಚು ಇವುಗಳ ಮಾಹಿತಿ ನೀಡುವುದು."

ನಿಯಮ ಪುಸ್ತಕ:
ಡೀಸೆಲ್ ತೆಗೆಯಿರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅವಧಿ ಮುಗಿದ ಔಷಧಿಗೆ ಇನ್ನೊಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಲಗತ್ತಿಸಿದರೆ ಸಾಕು. "ಈಗಿನ ಸ್ಥಿತಿ" ಎಂದು ಕೇಳಿದರೆ "ಭರ್ತಿಯಾಗಿದೆ" ಎಂಬ ಒಂದೇ ಪದದ ಉತ್ತರ ಬರುತ್ತದೆ. ಹೀಗೆ ಕೇಳಿ: ಈ ಹುದ್ದೆಯ ಮೇಲೆ ವೇತನ ಪಡೆಯುತ್ತಿರುವವರು ಯಾವ ಸ್ಥಳದಲ್ಲಿ ಕೆಲಸ ಮಾಡುತ್ತಿದ್ದಾರೆ, ನಿಯೋಜನೆಯಾಗಿದ್ದರೆ ಆದೇಶದ ದೃಢೀಕೃತ ಪ್ರತಿ ಕೊಡಿ.

ತುಂಗಭದ್ರೆ ಬಲದಂಡೆ:
ಇದನ್ನೇ ಕೊಪ್ಪಳಕ್ಕೂ ಹಾಕುತ್ತೇನೆ. ಅರ್ಜಿ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೋ, ಜಿಲ್ಲಾ ಕಚೇರಿಗೋ?

ಹಳೆಯ ಕೌಂಟರ್:
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿಗೆ ಹಾಕಿ. ನಿಯೋಜನೆಯ ಕಡತಗಳು ತಾಲ್ಲೂಕಿನಲ್ಲಿ ಸಿಗುವುದು ಅಪರೂಪ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಜೋಪಾನ.